ಎಡಗೈಯ ಗುರಿ: ಕಾರೊಯ್ ಟಕಾಚ್‌ನ ಕ್ರೀಡಾಜೀವನ – ಚರಿತ್ರೆ ಮತ್ತು ಐತಿಹ್ಯ

1. ಪೀಠಿಕೆ

ಐತಿಹ್ಯಗಳು ಹುಟ್ಟುವುದಕ್ಕೆ ಪ್ರಾಚೀನತೆಯೇ ಬೇಕೆಂದಿಲ್ಲ. ಅಚ್ಚಾದ ದಾಖಲೆ, ಅಂಕಪಟ್ಟಿ, ಛಾಯಾಚಿತ್ರಗಳ ನಡುವೆ ಬದುಕಿದ ವ್ಯಕ್ತಿಯ ಸುತ್ತಲೂ ಐತಿಹ್ಯವು ಬೆಳೆಯಬಲ್ಲದು. ಇಪ್ಪತ್ತನೆಯ ಶತಮಾನದಲ್ಲಿ ಈ ಬೆಳವಣಿಗೆಗೆ ಅತ್ಯಂತ ಫಲವತ್ತಾದ ಭೂಮಿಕೆಯನ್ನು ಒದಗಿಸಿದ ಕ್ಷೇತ್ರಗಳಲ್ಲಿ ಕ್ರೀಡೆಯೂ ಒಂದು. ಗೆಲುವು–ಸೋಲುಗಳ ಸ್ಪಷ್ಟತೆ, ಎದುರಾಳಿಗಳ ಮುಖಾಮುಖಿ, ನಿಗದಿತ ಅವಧಿಯಲ್ಲಿ ಮುಗಿಯುವ ಘಟನಾವಳಿ, ಇವೆಲ್ಲ ಕಥನಕ್ಕೆ ಸಿದ್ಧ ಸಾಮಗ್ರಿಗಳಾಗಿವೆ.

ಹಂಗೆರಿಯ ಪಿಸ್ತೂಲು ಸ್ಪರ್ಧಿ ಕಾರೊಯ್ ಟಕಾಚ್‌ನ (1910–1976) ಕ್ರೀಡಾಜೀವನವು ಈ ದೃಷ್ಟಿಯಿಂದ ಪರಿಶೀಲನೆಗೆ ಯೋಗ್ಯವಾದುದು. ಬಲಗೈಗೆ ತೀವ್ರವಾದ ಗಾಯವಾದ ನಂತರ ಎಡಗೈಯಿಂದ ಅಭ್ಯಾಸ ಮಾಡಿ, 1948 ಮತ್ತು 1952ರ ಒಲಿಂಪಿಕ್ ಕ್ರೀಡಾಕೂಟಗಳಲ್ಲಿ ಚಿನ್ನದ ಪದಕ ಪಡೆದ ಈತನ ಕಥೆಯು ಇಂದು ಜಗತ್ತಿನ ಅನೇಕ ಭಾಷೆಗಳಲ್ಲಿ ಪ್ರಚಲಿತವಾಗಿದೆ. ಭಾರತದಲ್ಲಿಯೂ ವ್ಯಕ್ತಿತ್ವ ವಿಕಸನದ ಭಾಷಣಗಳಲ್ಲಿ, ವಿದ್ಯಾರ್ಥಿಗಳಿಗಾಗಿ ಬರೆದ ಸ್ಫೂರ್ತಿದಾಯಕ ಲೇಖನಗಳಲ್ಲಿ ಇದು ಮತ್ತೆ ಮತ್ತೆ ಕೇಳಿಬರುತ್ತದೆ. ಇಲ್ಲಿ ಆತನ ಹೆಸರು ಬಹುಮಟ್ಟಿಗೆ 'ಕರೋಲಿ ಟಕಾಕ್ಸ್' ಎಂದೇ ಉಚ್ಚರಿತವಾಗುತ್ತದೆ. ಹಂಗೇರಿಯನ್ ಉಚ್ಚಾರಣೆಗೆ ಹತ್ತಿರವಾದ ರೂಪ 'ಕಾರೊಯ್ ಟಕಾಚ್'. ಈ ವ್ಯತ್ಯಾಸವು ಕ್ಷುಲ್ಲಕವಾದುದಲ್ಲ. ಕಥೆಯು ಕಿವಿಯಿಂದ ಕಿವಿಗೆ ಬರದೆ, ಇಂಗ್ಲಿಷ್ ಮುದ್ರಣದ ಮೂಲಕ ಕಣ್ಣಿಗೆ ಬಿದ್ದು, ಅನಂತರ ಬಾಯಿಗೆ ಬಂದಿದೆ ಎಂಬುದಕ್ಕೆ ಅದೇ ಆಧಾರ.

ಟಕಾಚ್‌ನ ಜೀವನದಲ್ಲಿ ಎರಡು ಅಡೆತಡೆಗಳು ಎದುರಾದವು. ಒಂದು, ಮನುಷ್ಯರು ರೂಪಿಸಿದ ನಿಯಮ. ಇನ್ನೊಂದು, ಆಕಸ್ಮಿಕವಾದ ಅಪಘಾತ. ಪ್ರಚಲಿತ ಐತಿಹ್ಯವು ಅಪಘಾತವನ್ನು ಉಳಿಸಿಕೊಂಡು ನಿಯಮವನ್ನು ಮರೆತಿದೆ. ಈ ಮರೆವು ಹೇಗೆ ಸಂಭವಿಸಿತು, ಅದರ ಪರಿಣಾಮವೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಪ್ರಚಲಿತ ಕಥೆಯ ಸ್ವರೂಪ

ಸಾಮಾನ್ಯವಾಗಿ ಹೇಳಲಾಗುವ ಕಥೆಯ ಹಂದರ ಹೀಗಿದೆ: ಹಂಗೆರಿಯ ಸೈನ್ಯದಲ್ಲಿ ಕಾರೊಯ್ ಎಂಬ ಅಪ್ರತಿಮ ಗುರಿಗಾರನಿದ್ದ. 1940ರ ಒಲಿಂಪಿಕ್‌ನಲ್ಲಿ ಚಿನ್ನ ಗೆಲ್ಲುವುದು ಅವನ ಕನಸು. 1938ರಲ್ಲಿ ಸೈನಿಕ ತರಬೇತಿಯ ವೇಳೆ ಕೈಯಲ್ಲಿದ್ದ ಗ್ರೆನೇಡ್ ಸಿಡಿದು ಬಲಗೈ ಹೋಯಿತು. ಆತ ಯಾರಿಗೂ ತಿಳಿಸದೆ ಎಡಗೈಯಿಂದ ಅಭ್ಯಾಸ ಮಾಡಿದ. ಮರುವರ್ಷ ರಾಷ್ಟ್ರೀಯ ಸ್ಪರ್ಧೆಯ ಸ್ಥಳಕ್ಕೆ ಬಂದಾಗ, ಅವನು ನೋಡಲು ಬಂದಿರುವನೆಂದು ಭಾವಿಸಿ ಸಹಸ್ಪರ್ಧಿಗಳು ಸಾಂತ್ವನ ಹೇಳಿದರು. ತಾನು ಸ್ಪರ್ಧಿಸಲು ಬಂದಿರುವುದಾಗಿ ಹೇಳಿ ಆತ ಗೆದ್ದ. ಯುದ್ಧದ ಕಾರಣದಿಂದ 1940ರ ಕೂಟ ರದ್ದಾಯಿತು, 1944ರದೂ ರದ್ದಾಯಿತು. 1948ರಲ್ಲಿ ಲಂಡನ್ನಿನಲ್ಲಿ, ತನ್ನ 38ನೆಯ ವಯಸ್ಸಿನಲ್ಲಿ, ಆತ ಚಿನ್ನ ಗೆದ್ದ. ಎದುರಾಳಿಗಳೆಲ್ಲ ತಮ್ಮ ಅತ್ಯುತ್ತಮ ಕೈಯಿಂದ ಸ್ಪರ್ಧಿಸಿದರು, ಆತ ತನ್ನ ಏಕೈಕ ಕೈಯಿಂದ ಗೆದ್ದ ಎಂಬ ಮಾತಿನೊಂದಿಗೆ ಹಲವು ನಿರೂಪಣೆಗಳು ಮುಕ್ತಾಯಗೊಳ್ಳುತ್ತವೆ.

ಈ ಹಂದರದ ಮುಖ್ಯಾಂಶಗಳು ಸತ್ಯಕ್ಕೆ ದೂರವಾದುವಲ್ಲ. ಗಾಯ, ಎಡಗೈಯ ಅಭ್ಯಾಸ, 1939ರ ಗೆಲುವು, 1948ರ ಚಿನ್ನ, ಇವೆಲ್ಲ ದಾಖಲಾದ ಸಂಗತಿಗಳೇ. ಆದರೆ ಐತಿಹ್ಯದ ಅಧ್ಯಯನದಲ್ಲಿ ಸತ್ಯ–ಸುಳ್ಳುಗಳ ಪ್ರಶ್ನೆಯಷ್ಟೇ ಆಯ್ಕೆಯ ಪ್ರಶ್ನೆಯೂ ಮುಖ್ಯವಾದುದು. ಕಥನವು ಏನನ್ನು ಆರಿಸಿಕೊಂಡಿತು, ಏನನ್ನು ಹೊರಗಿಟ್ಟಿತು ಎಂಬುದನ್ನು ಅರಿಯಲು ಆತನ ಕ್ರೀಡಾಜೀವನವನ್ನು ಮೊದಲಿನಿಂದ ಗಮನಿಸಬೇಕಾಗುತ್ತದೆ.

3. ಬರ್ಲಿನ್ 1936: ಹುದ್ದೆಯ ಗಡಿ

ಟಕಾಚ್ 1910ರ ಜನವರಿ 21ರಂದು ಬುಡಾಪೆಸ್ಟ್ ನಗರದಲ್ಲಿ ಜನಿಸಿದ. ಹಂಗೆರಿಯ ಸೈನ್ಯವನ್ನು ಸೇರಿ, 1936ರ ವೇಳೆಗೆ ಉನ್ನತ ಮಟ್ಟದ ಪಿಸ್ತೂಲು ಗುರಿಗಾರನೆಂದು ಹೆಸರಾಗಿದ್ದ. ಆ ವರ್ಷ ಬರ್ಲಿನ್ನಿನಲ್ಲಿ ಒಲಿಂಪಿಕ್ ಕೂಟ ನಡೆಯಿತು. ಆದರೆ ಹಂಗೆರಿಯ ತಂಡದಲ್ಲಿ ಆತನಿಗೆ ಸ್ಥಾನ ದೊರೆಯಲಿಲ್ಲ. ಅದಕ್ಕೆ ಕಾರಣ ಆತನ ಸಾಮರ್ಥ್ಯವಲ್ಲ, ಹುದ್ದೆ. ಆತ ಸಾರ್ಜೆಂಟ್ ಆಗಿದ್ದ. ಸೈನ್ಯದಿಂದ ಸ್ಪರ್ಧೆಗೆ ಹೋಗುವ ಅವಕಾಶವು ನಿಯುಕ್ತ ಅಧಿಕಾರಿಗಳಿಗೆ ಮಾತ್ರ ಮೀಸಲಾಗಿತ್ತು.

ಈ ನಿಯಮವನ್ನು ಒಂದು ಸೈನ್ಯದ ವಿಚಿತ್ರ ಹಠವೆಂದು ತಿಳಿಯಲಾಗದು. ಯುರೋಪಿನ ಸೈನ್ಯಗಳಲ್ಲಿ ಅಧಿಕಾರಿ ಮತ್ತು ಇತರ ಶ್ರೇಣಿಯವರ ನಡುವಿನ ಗೆರೆಯು ವರ್ಗಭೇದದ ಗೆರೆಯೂ ಆಗಿತ್ತು. ಅಧಿಕಾರಿಯು 'ಸಭ್ಯ ಗೃಹಸ್ಥ'ನ ವರ್ಗಕ್ಕೆ ಸೇರಿದವನು. ಕತ್ತಿವರಸೆ, ಅಶ್ವಾರೋಹಣ, ಪಿಸ್ತೂಲು ಆ ವರ್ಗದ ಸಂಸ್ಕಾರದ ಭಾಗಗಳೆನಿಸಿದ್ದವು. ಸಂಬಳಕ್ಕಾಗಿ ಆಯುಧ ಹಿಡಿಯುವ ಕೆಳಶ್ರೇಣಿಯ ಸೈನಿಕನನ್ನು ಹವ್ಯಾಸಿ ಕ್ರೀಡೆಯ ಅಂಗಳದಲ್ಲಿ ಸಮಾನನೆಂದು ಕಾಣುವುದಕ್ಕೆ ಆ ಕಾಲದ ಕ್ರೀಡಾಸಂಸ್ಥೆಗಳು ಹಿಂದೆಗೆಯುತ್ತಿದ್ದವು. ಆಯುಧವನ್ನು ಪ್ರತಿದಿನ ಬಳಸುವವನೇ ಆಯುಧದ ಕ್ರೀಡೆಯಿಂದ ಹೊರಗುಳಿಯಬೇಕಾದ ವೈಪರೀತ್ಯ ಹೀಗೆ ಉಂಟಾಯಿತು.

ಬರ್ಲಿನ್ನಿನ ಕ್ಷಿಪ್ರಗತಿಯ ಪಿಸ್ತೂಲು ಸ್ಪರ್ಧೆಯಲ್ಲಿ ಜರ್ಮನಿಯ ಕಾರ್ನೆಲಿಯಸ್ ಫಾನ್ ಓಯೆನ್ ಮತ್ತು ಹೈನ್ಸ್ ಹಾಕ್ಸ್ ಮೊದಲ ಎರಡು ಸ್ಥಾನಗಳನ್ನೂ, ಸ್ವೀಡನ್ನಿನ ಟಾರ್ಸ್ಟೆನ್ ಉಲ್ಮನ್ ಮೂರನೆಯ ಸ್ಥಾನವನ್ನೂ ಪಡೆದರು. ಹಂಗೆರಿಗೆ ಆ ಸ್ಪರ್ಧೆಯಲ್ಲಿ ಪದಕ ದೊರೆಯಲಿಲ್ಲ. ಬರ್ಲಿನ್ ಕೂಟದ ನಂತರ ಹಂಗೆರಿಯಲ್ಲಿ ಆ ನಿರ್ಬಂಧವನ್ನು ತೆಗೆದುಹಾಕಲಾಯಿತು. 1940ರಲ್ಲಿ ಟೋಕಿಯೋದಲ್ಲಿ ನಡೆಯಬೇಕಾಗಿದ್ದ ಕೂಟದತ್ತ ಟಕಾಚ್ ಮುಖಮಾಡುವಂತಾದುದು ಈ ತಿದ್ದುಪಡಿಯ ಫಲವಾಗಿ. 'ಅವನ ಕನಸು 1940ರ ಚಿನ್ನ' ಎಂದು ಆರಂಭವಾಗುವ ಕಥೆಯ ಹಿಂದೆ ಹೀಗೆ ಮತ್ತೊಂದು ಕಥೆಯಿದೆ. ಆ ಕನಸು 1940ಕ್ಕೆ ಮುಂದೂಡಲ್ಪಟ್ಟದ್ದೇ ನಾಲ್ಕು ವರ್ಷಗಳ ಹಿಂದೆ ಬಾಗಿಲು ಮುಚ್ಚಿದ್ದರಿಂದ.

4. ಗಾಯ ಮತ್ತು ಕೈಬದಲು: 1938–1939

1938ರಲ್ಲಿ ಸೈನಿಕ ತರಬೇತಿಯ ಸಂದರ್ಭದಲ್ಲಿ ದೋಷಯುಕ್ತವಾದ ಗ್ರೆನೇಡೊಂದು ಟಕಾಚ್‌ನ ಬಲಗೈಯಲ್ಲಿಯೇ ಸಿಡಿಯಿತು. ಕೈ ತೀವ್ರವಾಗಿ ಜರ್ಜರಿತವಾಯಿತು. ಸುಮಾರು ಒಂದು ತಿಂಗಳು ಆಸ್ಪತ್ರೆಯಲ್ಲಿ ಕಳೆದ ಬಳಿಕ ಆತ ಎಡಗೈಯಿಂದ ಗುರಿಯ ಅಭ್ಯಾಸವನ್ನು ಆರಂಭಿಸಿದ. 1939ರ ವಸಂತದಲ್ಲಿ ನಡೆದ ಹಂಗೆರಿಯ ರಾಷ್ಟ್ರೀಯ ಪಿಸ್ತೂಲು ಸ್ಪರ್ಧೆಯಲ್ಲಿ ಆತನೇ ಗೆದ್ದ. ಅದೇ ವರ್ಷ ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಪಿಸ್ತೂಲು ವಿಭಾಗದ ತಂಡ ಪ್ರಶಸ್ತಿಯನ್ನು ಪಡೆದ ಹಂಗೆರಿಯ ತಂಡದಲ್ಲಿ ಆತನೂ ಇದ್ದ.

ಪಿಸ್ತೂಲು ಸ್ಪರ್ಧೆಯ ನಿಯಮವನ್ನು ಅರಿಯದೆ ಈ ಸಾಧನೆಯ ಸ್ವರೂಪವನ್ನು ಅರಿಯಲಾಗದು. ಒಲಿಂಪಿಕ್ ಪಿಸ್ತೂಲು ಸ್ಪರ್ಧೆಯಲ್ಲಿ ಯಾವ ಸ್ಪರ್ಧಿಯೂ ಎರಡು ಕೈಗಳನ್ನು ಬಳಸುವಂತಿಲ್ಲ. ಆಯುಧವನ್ನು ಒಂದೇ ಕೈಯಲ್ಲಿ, ತೋಳನ್ನು ಚಾಚಿ, ಯಾವ ಆಸರೆಯೂ ಇಲ್ಲದೆ ಹಿಡಿಯಬೇಕು. ಆದ್ದರಿಂದ 'ಒಂದೇ ಕೈಯಿಂದ ಗೆದ್ದ' ಎಂಬ ಹೊಗಳಿಕೆಯು ಈ ಕ್ರೀಡೆಯ ಎಲ್ಲ ವಿಜೇತರಿಗೂ ಸಲ್ಲುತ್ತದೆ. ಟಕಾಚ್‌ನ ಕಷ್ಟವು ಬೇರೆ ಕಡೆಗಿತ್ತು. ಆತ ಕಳೆದುಕೊಂಡದ್ದು ಕೈಗಳ ಸಂಖ್ಯೆಯಲ್ಲಿ ಒಂದನ್ನಲ್ಲ, ವರ್ಷಗಳ ಕಾಲ ಪಳಗಿದ್ದ ಕೈಯನ್ನು. ಕುದುರೆಯನ್ನು ಒತ್ತುವ ಬೆರಳಿನ ಹದ, ಸಿಡಿತದ ಹಿನ್ನೂಕನ್ನು ತಡೆದು ಮರಳಿ ಗುರಿಗೆ ಬರುವ ಮಣಿಕಟ್ಟಿನ ರೂಢಿ, ದೇಹದ ನಿಲುವು, ಕಣ್ಣು ಮತ್ತು ತೋಳಿನ ನಡುವಿನ ಹೊಂದಾಣಿಕೆ, ಇವೆಲ್ಲ ಬಲಗೈಗೆ ಕಲಿಸಿದ ವಿದ್ಯೆಗಳು. ಅವನ್ನು ಎಡಗೈಗೆ ಆಮೂಲಾಗ್ರವಾಗಿ ಹೊಸದಾಗಿ ಕಲಿಸಬೇಕಾಗಿತ್ತು. ಹೆಚ್ಚಿನವರಿಗೆ ಒಂದು ಕಣ್ಣು ಮತ್ತೊಂದಕ್ಕಿಂತ ಪ್ರಬಲವಾಗಿರುತ್ತದೆ. ಕೈ ಬದಲಾದಾಗ ಕಣ್ಣಿಗೂ ಕೈಗೂ ಇರುವ ಸಂಬಂಧವೇ ಬದಲಾಗುತ್ತದೆ. ಇನ್ನು, ಗುಂಡು ತುಂಬುವುದು, ಆಯುಧವನ್ನು ಸಜ್ಜುಗೊಳಿಸುವುದು ಮೊದಲಾದ ಕೆಲಸಗಳಲ್ಲಿ ಗಾಯಗೊಂಡ ಕೈಯ ಪಾತ್ರವನ್ನು ಊಹಿಸಿಕೊಳ್ಳಬಹುದು.

ಮತ್ತೊಂದು ಸಂಗತಿಯನ್ನೂ ಇಲ್ಲಿ ಪರಿಗಣಿಸಬೇಕು. ಕೈ ಹೊಸದಾದರೂ ವಿದ್ಯೆ ಹೊಸದಾಗಿರಲಿಲ್ಲ. ಗುರಿಯ ಕ್ರಮ, ಉಸಿರಿನ ನಿಯಂತ್ರಣ, ಕಾಲದ ಲೆಕ್ಕ, ಸ್ಪರ್ಧೆಯ ಮನೋಧರ್ಮ, ಇವು ಗಾಯಕ್ಕೆ ಸಿಕ್ಕದೆ ಉಳಿದಿದ್ದವು. ಒಂದು ವರ್ಷದೊಳಗೆ ರಾಷ್ಟ್ರೀಯ ಪ್ರಶಸ್ತಿ ಪಡೆದುದನ್ನು ಕೇವಲ ಛಲದ ಪವಾಡವೆಂದು ವರ್ಣಿಸಿದರೆ, ಆ ಛಲಕ್ಕೆ ಆಧಾರವಾಗಿದ್ದ ದೀರ್ಘಕಾಲದ ಪರಿಶ್ರಮವನ್ನು ಅಲ್ಲಗಳೆದಂತಾಗುತ್ತದೆ.

5. ಲಂಡನ್ 1948

ಎರಡನೆಯ ಮಹಾಯುದ್ಧದಿಂದಾಗಿ 1940 ಮತ್ತು 1944ರ ಒಲಿಂಪಿಕ್ ಕೂಟಗಳು ನಡೆಯಲಿಲ್ಲ. ಹನ್ನೆರಡು ವರ್ಷಗಳ ನಂತರ, 1948ರಲ್ಲಿ ಲಂಡನ್ನಿನಲ್ಲಿ ಕೂಟ ಮರುಪ್ರಾರಂಭವಾಯಿತು. ಜರ್ಮನಿ ಮತ್ತು ಜಪಾನ್‌ಗಳಿಗೆ ಆಹ್ವಾನವಿರಲಿಲ್ಲ. ಹಂಗೆರಿ ಭಾಗವಹಿಸಿತು. ಗುರಿಸ್ಪರ್ಧೆಗಳು ಸರ್ರೆ ಪ್ರಾಂತದ ಬಿಸ್ಲಿ ಎಂಬಲ್ಲಿನ ಮೈದಾನದಲ್ಲಿ ಜರುಗಿದವು.

ಟಕಾಚ್ ಭಾಗವಹಿಸಿದ 25 ಮೀಟರ್ ಕ್ಷಿಪ್ರಗತಿಯ ಪಿಸ್ತೂಲು ಸ್ಪರ್ಧೆಯ ಕ್ರಮ ಹೀಗಿದೆ. ಸ್ಪರ್ಧಿಯ ಎದುರಿಗೆ ಐದು ಗುರಿಹಲಗೆಗಳು ಸಾಲಾಗಿರುತ್ತವೆ. ನಿಗದಿತ ಕ್ಷಣಕ್ಕೆ ಅವು ಆಗ ಏಕಕಾಲದಲ್ಲಿ ಕಾಣಿಸಿಕೊಂಡು, ಅವಧಿ ಮುಗಿದೊಡನೆ ಮರೆಯಾಗುತ್ತಿದ್ದವು. ಆ ಅವಧಿಯೊಳಗೆ ಪ್ರತಿ ಹಲಗೆಗೆ ಒಂದರಂತೆ ಐದು ಗುಂಡುಗಳನ್ನು ಹಾರಿಸಬೇಕು. ಅವಧಿಯು ಮೊದಲು 8 ಸೆಕೆಂಡು, ಅನಂತರ 6 ಸೆಕೆಂಡು, ಕೊನೆಗೆ 4 ಸೆಕೆಂಡು. ಒಟ್ಟು 60 ಗುಂಡುಗಳು, ಪ್ರತಿಯೊಂದಕ್ಕೂ ಗರಿಷ್ಠ 10ರಂತೆ 600 ಅಂಕಗಳು. ನಾಲ್ಕು ಸೆಕೆಂಡುಗಳ ಸುತ್ತಿನಲ್ಲಿ ಒಂದು ಗುಂಡಿಗೂ ಮತ್ತೊಂದಕ್ಕೂ ನಡುವೆ ಸ್ಪರ್ಧಿಗೆ ದೊರೆಯುವುದು ಒಂದು ಸೆಕೆಂಡಿಗಿಂತಲೂ ಕಡಿಮೆ ಕಾಲ. ಪ್ರತಿ ಗುಂಡಿಗೂ ಯೋಚಿಸಿ ಗುರಿಯಿಡುವಷ್ಟು ವೇಳೆಯಿಲ್ಲದ ಈ ಸ್ಪರ್ಧೆಯಲ್ಲಿ ತೋಳಿನ ಒಂದೇ ಚಲನೆಯು ಐದು ಹಲಗೆಗಳ ಮೇಲೆ ಲಯಬದ್ಧವಾಗಿ ಹಾಯಬೇಕು. ನಿಧಾನವಾಗಿ ಗುರಿಯಿಡುವ ಸ್ಪರ್ಧೆಗಳಲ್ಲಿ ಹೊಸ ಕೈಯ ನಡುಕವನ್ನು ತಾಳ್ಮೆಯಿಂದ ಸರಿಪಡಿಸಿಕೊಳ್ಳಲು ಅವಕಾಶವಿದೆ. ಇಲ್ಲಿ ಅದಿಲ್ಲ.

ಅರ್ಜೆಂಟೀನಾದ ಕಾರ್ಲೋಸ್ ಎನ್ರಿಕೆ ದಿಯಾಸ್ ಸಾಯೆನ್ಸ್ ವಲಿಯೆಂತೆ ಆ ವೇಳೆಗೆ ವಿಶ್ವವಿಜೇತನಾಗಿದ್ದ. ಸ್ಪರ್ಧೆಗೆ ಮುನ್ನ ಆತ ಟಕಾಚ್‌ನನ್ನು ಕಂಡು ಲಂಡನ್ನಿಗೆ ಬಂದ ಕಾರಣವನ್ನು ಕೇಳಿದನೆಂದೂ, ಕಲಿಯಲು ಬಂದಿರುವುದಾಗಿ ಟಕಾಚ್ ಉತ್ತರಿಸಿದನೆಂದೂ, ಪದಕ ಪ್ರದಾನದ ವೇಳೆ ದಿಯಾಸ್ ಮತ್ತೆ ಅವನೆಡೆಗೆ ತಿರುಗಿ ಸಾಕಷ್ಟು ಕಲಿತಿರುವೆ ಎಂದನೆಂದೂ ಒಲಿಂಪಿಕ್ ಚರಿತ್ರೆಯ ಬರವಣಿಗೆಗಳಲ್ಲಿ ಪ್ರಸಿದ್ಧವಾದ ಪ್ರಸಂಗವಿದೆ. ಫಲಿತಾಂಶವಂತೂ ನಿಸ್ಸಂದಿಗ್ಧವಾದುದು. ಟಕಾಚ್ 580 ಅಂಕಗಳನ್ನು ಗಳಿಸಿ, ಹಿಂದಿನ ವಿಶ್ವದಾಖಲೆಯನ್ನು 10 ಅಂಕಗಳಿಂದ ಮೀರಿಸಿದ. ದಿಯಾಸ್ 571 ಅಂಕಗಳೊಂದಿಗೆ ಎರಡನೆಯವನಾದ. ಸ್ವೀಡನ್ನಿನ ಸ್ವೆನ್ ಲುಂಡ್‌ಕ್ವಿಸ್ಟ್ 569 ಅಂಕಗಳೊಂದಿಗೆ ಮೂರನೆಯವನಾದ. ಅರವತ್ತು ಗುಂಡುಗಳಲ್ಲಿ ಟಕಾಚ್ ಕಳೆದುಕೊಂಡ ಅಂಕಗಳು 20 ಮಾತ್ರ.

6. ಅದೇ ಕೂಟದ ಮತ್ತೊಬ್ಬ ಸಾರ್ಜೆಂಟ್

ಟಕಾಚ್ ಚಿನ್ನ ಗೆದ್ದ ಲಂಡನ್ ಕೂಟದಲ್ಲಿಯೇ ಹುದ್ದೆಯ ಪ್ರಶ್ನೆಯು ಮತ್ತೊಂದು ಕ್ರೀಡೆಯಲ್ಲಿ ತಲೆಯೆತ್ತಿತು. ಅಶ್ವಾರೋಹಣದ ಡ್ರೆಸಾಜ್ ವಿಭಾಗದಲ್ಲಿ ಸ್ವೀಡನ್ ತಂಡಕ್ಕೆ ಚಿನ್ನ ದೊರೆಯಿತು. ಆ ತಂಡದ ಸದಸ್ಯ ಯೇನೆಲ್ ಪೆರ್ಸನ್ ಮೂಲತಃ ಸಾರ್ಜೆಂಟ್. ಅಂದಿನ ಅಶ್ವಾರೋಹಣ ನಿಯಮದಂತೆ ಸೈನಿಕರ ಪೈಕಿ ಅಧಿಕಾರಿಗಳಿಗೆ ಮಾತ್ರ ಪ್ರವೇಶವಿದ್ದುದರಿಂದ, ಕೂಟಕ್ಕಾಗಿಯೇ ಆತನಿಗೆ ಅಧಿಕಾರಿಯ ಹುದ್ದೆಯನ್ನು ನೀಡಿ, ಕೂಟ ಮುಗಿದ ಬಳಿಕ ಹಿಂದಿನ ಹುದ್ದೆಗೆ ಇಳಿಸಲಾಯಿತು. ಇದು ಬೆಳಕಿಗೆ ಬಂದಾಗ, 1949ರಲ್ಲಿ ತಂಡವನ್ನು ಅನರ್ಹಗೊಳಿಸಿ ಚಿನ್ನವನ್ನು ಫ್ರಾನ್ಸ್‌ಗೆ ನೀಡಲಾಯಿತು. ಪೆರ್ಸನ್ ಕುದುರೆಯನ್ನು ನಡೆಸಿದ ರೀತಿಯಲ್ಲಿ ಯಾವ ಲೋಪವೂ ಇರಲಿಲ್ಲ. ಲೋಪವೆಂದು ಪರಿಗಣಿತವಾದದ್ದು ಆತನ ಶ್ರೇಣಿ.

ಈ ಪ್ರಕರಣದ ಬಳಿಕ ಅಶ್ವಾರೋಹಣದ ನಿಯಮವೂ ಸಡಿಲಗೊಂಡಿತು. 1952ರ ಹೆಲ್ಸಿಂಕಿ ಕೂಟದಲ್ಲಿ ಅಧಿಕಾರಿಗಳಲ್ಲದವರಿಗೂ, ಡ್ರೆಸಾಜ್‌ನಲ್ಲಿ ಮಹಿಳೆಯರಿಗೂ ಅವಕಾಶ ದೊರೆಯಿತು. ಅದೇ ಪೆರ್ಸನ್ ಇದ್ದ ಸ್ವೀಡನ್ ತಂಡವು 1952 ಮತ್ತು 1956ರಲ್ಲಿ ಚಿನ್ನ ಪಡೆಯಿತು. 1944ರಲ್ಲಿ ಪೋಲಿಯೋ ತಗುಲಿ ಮೊಣಕಾಲಿನಿಂದ ಕೆಳಗೆ ಪಾರ್ಶ್ವವಾಯುವಿಗೆ ಒಳಗಾಗಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಹೆಲ್ಸಿಂಕಿಯಲ್ಲಿ ವೈಯಕ್ತಿಕ ಬೆಳ್ಳಿ ಪಡೆದಳು. ದೇಹದ ಊನವು ಆಕೆಯನ್ನು ತಡೆಯಲಿಲ್ಲ. ನಾಲ್ಕು ವರ್ಷ ಹಿಂದಿನ ನಿಯಮವಾಗಿದ್ದರೆ ಆಕೆಯನ್ನು ಖಂಡಿತ ತಡೆಯುತ್ತಿತ್ತು.

ಲಂಡನ್ ಕೂಟ ಉದ್ಘಾಟನೆಯಾದ 1948ರ ಜುಲೈ 29ರಂದೇ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಆವರಣದಲ್ಲಿ ವೈದ್ಯ ಲುಡ್ವಿಗ್ ಗುಟ್‌ಮನ್ ಬಿಲ್ಲುಗಾರಿಕೆಯ ಸ್ಪರ್ಧೆಯೊಂದನ್ನು ಏರ್ಪಡಿಸಿದ. ಗಾಲಿಕುರ್ಚಿಯಲ್ಲಿದ್ದ 16 ಮಂದಿ ಗಾಯಾಳು ಯೋಧರು, ಪುರುಷರೂ ಮಹಿಳೆಯರೂ, ಅದರಲ್ಲಿ ಭಾಗವಹಿಸಿದರು. ಇಂದಿನ ಪ್ಯಾರಾಲಿಂಪಿಕ್ ಕೂಟದ ಮೂಲ ಅದು. ಗಾಯಗೊಂಡ ಯೋಧನು ಕ್ರೀಡಾಪಟುವಾಗಬಲ್ಲನೆಂಬ ವಿಚಾರವು ಆ ಬೇಸಿಗೆಯಲ್ಲಿ ಬಿಸ್ಲಿಯ ಮೈದಾನದಲ್ಲಿಯೂ ಸ್ಟೋಕ್ ಮ್ಯಾಂಡೆವಿಲ್‌ನ ಹುಲ್ಲುಹಾಸಿನ ಮೇಲೂ ಪ್ರಕಟವಾದುದನ್ನು ಗಮನಿಸಿದರೆ, ಟಕಾಚ್‌ನ ಗೆಲುವು ಒಂಟಿ ಮನುಷ್ಯನ ಸಾಹಸವಾಗಿ ಉಳಿಯದೆ ಕಾಲದ ಒಂದು ದೊಡ್ಡ ಬದಲಾವಣೆಯ ಭಾಗವಾಗಿ ತೋರುತ್ತದೆ.

ಟಕಾಚ್‌ಗೆ ಪೂರ್ವಸೂರಿಗಳೂ ಇದ್ದರು. 1904ರ ಸೇಂಟ್ ಲೂಯಿಸ್ ಕೂಟದಲ್ಲಿ ಮರದ ಕಾಲು ಧರಿಸಿದ ಜಾರ್ಜ್ ಐಸರ್ ಜಿಮ್ನಾಸ್ಟಿಕ್ಸ್‌ನಲ್ಲಿ ಆರು ಪದಕಗಳನ್ನು ಪಡೆದಿದ್ದ. ಹಂಗೆರಿಯವನೇ ಆದ ಒಲಿವೇರ್ ಹಾಲಶಿ, ಎಡಗಾಲಿನ ಕೆಳಭಾಗವನ್ನು ಕಳೆದುಕೊಂಡಿದ್ದರೂ, ವಾಟರ್ ಪೋಲೋದಲ್ಲಿ 1928ರಲ್ಲಿ ಬೆಳ್ಳಿ, 1932 ಮತ್ತು 1936ರಲ್ಲಿ ಚಿನ್ನ ಪಡೆದ ತಂಡಗಳಲ್ಲಿದ್ದ. ಇದರಲ್ಲಿ ಒಂದು ಅರ್ಥಪೂರ್ಣವಾದ ವ್ಯಂಗ್ಯವಿದೆ. 1936ರಲ್ಲಿ ಹಂಗೆರಿಯು ಕಾಲಿನ ಊನವಿದ್ದ ಹಾಲಶಿಯನ್ನು ಬರ್ಲಿನ್ನಿಗೆ ಕಳುಹಿಸಿತು. ಎರಡೂ ಕೈಗಳು ಸ್ವಸ್ಥವಾಗಿದ್ದ ಟಕಾಚ್‌ನನ್ನು ಕಳುಹಿಸಲಿಲ್ಲ. ಆ ವರ್ಷ ಅಡ್ಡಿಯಾದುದು ದೇಹವಲ್ಲ, ಶ್ರೇಣಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಾಗಿಲ್ಲ.

7. ಹೆಲ್ಸಿಂಕಿಯಿಂದ ಮಾಸ್ಕೋವರೆಗೆ

1952ರ ಹೆಲ್ಸಿಂಕಿ ಕೂಟದಲ್ಲಿ ಟಕಾಚ್ 579 ಅಂಕಗಳೊಂದಿಗೆ ಮತ್ತೆ ಚಿನ್ನ ಪಡೆದ. ಕ್ಷಿಪ್ರಗತಿಯ ಪಿಸ್ತೂಲು ಸ್ಪರ್ಧೆಯ ಒಲಿಂಪಿಕ್ ಪ್ರಶಸ್ತಿಯನ್ನು ಉಳಿಸಿಕೊಂಡವರಲ್ಲಿ ಆತನೇ ಮೊದಲಿಗ. ಈ ಬಾರಿ ಅಂತರ ಒಂದೇ ಅಂಕದ್ದು. 578 ಅಂಕಗಳೊಂದಿಗೆ ಎರಡನೆಯ ಸ್ಥಾನ ಪಡೆದವನು ಹಂಗೆರಿಯ ಹದಿಹರೆಯದ ಸ್ಪರ್ಧಿ ಸಿಲಾರ್ದ್ ಕುನ್. ರುಮೇನಿಯದ ಗೆಯೋರ್ಗೆ ಲಿಕಿಯಾರ್ದೋಪೋಲ್ ಕೂಡ 578 ಅಂಕಗಳನ್ನೇ ಗಳಿಸಿ ಮೂರನೆಯವನಾದ. ಕುನ್ ಟಕಾಚ್‌ನಿಂದಲೇ ತರಬೇತಿ ಪಡೆದವನು ಎಂಬುದು ಇಲ್ಲಿ ಮುಖ್ಯವಾದ ಸಂಗತಿ. ಗುರು 42ರ ಪ್ರಾಯದವನು, ಶಿಷ್ಯ ಇನ್ನೂ ಹುಡುಗ, ಇಬ್ಬರ ನಡುವೆ ಒಂದು ಅಂಕ. ಎಡಗೈಗೆ ವಿದ್ಯೆಯನ್ನು ಮತ್ತೊಮ್ಮೆ ಕಲಿಸಿದವನು ಅದನ್ನು ಮತ್ತೊಬ್ಬನಿಗೂ ಕಲಿಸಬಲ್ಲವನಾಗಿದ್ದ. ಪ್ರಚಲಿತ ಕಥೆಯಲ್ಲಿ ಈ ಶಿಷ್ಯನಿಗೆ ಸ್ಥಾನವಿಲ್ಲ.

1956ರ ಮೆಲ್ಬರ್ನ್ ಕೂಟವು ಹಂಗೆರಿಯ ಪಾಲಿಗೆ ಕಷ್ಟಕಾಲದಲ್ಲಿ ಬಂದಿತು. ಅಕ್ಟೋಬರ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ಆರಂಭವಾದ ದಂಗೆಯನ್ನು ನವೆಂಬರ್ ಆರಂಭದಲ್ಲಿ ಸೋವಿಯತ್ ಸೈನ್ಯ ಹತ್ತಿಕ್ಕಿತು. ಅದೇ ತಿಂಗಳು ಕೂಟ ಪ್ರಾರಂಭವಾಯಿತು. ಹಂಗೆರಿಯ ಹಲವು ಕ್ರೀಡಾಪಟುಗಳು ಸ್ವದೇಶಕ್ಕೆ ಮರಳಲಿಲ್ಲ. 46ರ ಪ್ರಾಯದ ಟಕಾಚ್ ಎಂಟನೆಯ ಸ್ಥಾನ ಪಡೆದ. ಚಿನ್ನ ಗೆದ್ದ ರುಮೇನಿಯದ ಸ್ಟೆಫಾನ್ ಪೆಟ್ರೆಸ್ಕು ಗಳಿಸಿದ ಅಂಕಗಳು 587. ಎಂಟು ವರ್ಷಗಳಲ್ಲಿ ಸ್ಪರ್ಧೆಯ ಮಟ್ಟವೇ ಏರಿತ್ತು. ಆದರೂ ಟಕಾಚ್ ನಿವೃತ್ತನಾಗಲಿಲ್ಲ. 1958ರಲ್ಲಿ ಮಾಸ್ಕೋದಲ್ಲಿ ನಡೆದ ವಿಶ್ವ ಸ್ಪರ್ಧೆಯ 25 ಮೀಟರ್ ಸೆಂಟರ್ ಫೈರ್ ಪಿಸ್ತೂಲು ವಿಭಾಗದಲ್ಲಿ ಕಂಚು ಪಡೆದ. ಜೀವಮಾನದಲ್ಲಿ 35 ರಾಷ್ಟ್ರೀಯ ಪ್ರಶಸ್ತಿಗಳನ್ನು ಗಳಿಸಿದ. ಒಂದು ಕಾಲದಲ್ಲಿ ಸಾರ್ಜೆಂಟ್ ಎಂಬ ಕಾರಣದಿಂದ ಹೊರಗುಳಿದವನು ಸೈನ್ಯದಲ್ಲಿ ಲೆಫ್ಟಿನೆಂಟ್ ಕರ್ನಲ್ ಹುದ್ದೆಯವರೆಗೆ ಏರಿದ. 1976ರ ಜನವರಿ 5ರಂದು ಬುಡಾಪೆಸ್ಟ್‌ನಲ್ಲಿ ನಿಧನ ಹೊಂದಿದ.

8. ಐತಿಹ್ಯದ ಆಯ್ಕೆ

ಈಗ ದಾಖಲೆಯನ್ನೂ ಪ್ರಚಲಿತ ಕಥೆಯನ್ನೂ ಎದುರುಬದುರು ಇರಿಸಿ ನೋಡಬಹುದು. ಡೆನ್ಮಾರ್ಕಿನ ವಿದ್ವಾಂಸ ಆಕ್ಸೆಲ್ ಓಲ್ರಿಕ್ 1909ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಜನಪದ ಕಥನದ ನಿಯಮಗಳು ಜಾನಪದ ಅಧ್ಯಯನಕಾರರಿಗೆ ಪರಿಚಿತವಾದುವೇ ಆಗಿವೆ. ಮೂರರ ನಿಯಮ, ಒಂದು ದೃಶ್ಯಕ್ಕೆ ಇಬ್ಬರೇ ಎಂಬ ನಿಯಮ, ವೈದೃಶ್ಯದ ನಿಯಮ, ಮುಖ್ಯ ಪಾತ್ರದ ಮೇಲೆ ಕೇಂದ್ರೀಕರಣ, ಇವು ಅವುಗಳಲ್ಲಿ ಮುಖ್ಯವಾದವು. ಟಕಾಚ್‌ನ ಪ್ರಚಲಿತ ಕಥೆಯು ಈ ನಿಯಮಗಳಿಗೆ ಅಚ್ಚರಿಪಡುವಷ್ಟು ಬದ್ಧವಾಗಿದೆ.

ಮೊದಲನೆಯದಾಗಿ, ಮೂರರ ನಿಯಮ. 1940, 1944, 1948 ಎಂಬ ಮೂರು ಕೂಟಗಳಲ್ಲಿ ಎರಡು ಕೈತಪ್ಪಿ ಮೂರನೆಯದರಲ್ಲಿ ಸಿದ್ಧಿ ದೊರೆಯುತ್ತದೆ. ಇದು ಕಥನಕಾರರು ಕಲ್ಪಿಸಿದ್ದಲ್ಲ. ಚರಿತ್ರೆಯೇ ಒದಗಿಸಿದ ವಿನ್ಯಾಸ. ಆದರೆ 1936ನ್ನು ಸೇರಿಸಿದರೆ ಕೂಟಗಳ ಸಂಖ್ಯೆ ನಾಲ್ಕಾಗುತ್ತದೆ, ವಿನ್ಯಾಸ ಕೆಡುತ್ತದೆ. ಬರ್ಲಿನ್ನಿನ ಪ್ರಸಂಗವು ಹಲವು ಪಾಠಗಳಲ್ಲಿ ಕಾಣೆಯಾಗಿರುವುದಕ್ಕೆ ಕಥನರೂಪದ ಈ ಒತ್ತಡವೂ ಒಂದು ಕಾರಣವಾಗಿರಬಹುದು.

ಎರಡನೆಯದಾಗಿ, ಸಂಭಾಷಣೆಯ ಪ್ರಸಂಗಗಳು. 1939ರ ರಾಷ್ಟ್ರೀಯ ಸ್ಪರ್ಧೆಯ ಸಾಂತ್ವನದ ಪ್ರಸಂಗವೂ, 1948ರ ದಿಯಾಸ್‌ನ ಪ್ರಸಂಗವೂ ಒಂದೇ ಆಶಯದ ಎರಡು ರೂಪಗಳಾಗಿವೆ. ಎದುರಿಗಿರುವವರು ನಾಯಕನನ್ನು ಅಸಮರ್ಥನೆಂದು ಭಾವಿಸಿ ಮಾತನಾಡಿಸುತ್ತಾರೆ, ನಾಯಕ ಚುಟುಕಾದ ಉತ್ತರ ಕೊಡುತ್ತಾನೆ, ಕೃತಿಯು ಉತ್ತರವನ್ನು ಪೂರ್ಣಗೊಳಿಸುತ್ತದೆ. ವಿರಾಟನ ಅರಮನೆಯಲ್ಲಿ ಬೃಹನ್ನಳೆಯನ್ನು ಸಾರಥ್ಯಕ್ಕೂ ಅಯೋಗ್ಯನೆಂದು ಶಂಕಿಸಿದ ಉತ್ತರಕುಮಾರನ ಪ್ರಸಂಗವನ್ನು ಯಕ್ಷಗಾನ, ಬಯಲಾಟಗಳಲ್ಲಿ ಕಂಡು ಬೆಳೆದ ಕನ್ನಡದ ಶ್ರೋತೃವಿಗೆ ಈ ಆಶಯ ಹೊಸದಲ್ಲ. ಅಲ್ಲಿಯ ನಾಯಕನೂ ಎರಡೂ ಕೈಗಳಿಂದ ಬಾಣ ಬಿಡಬಲ್ಲ ಸವ್ಯಸಾಚಿಯೇ. ಈ ಎರಡು ಪ್ರಸಂಗಗಳಲ್ಲಿ ಆಡಿದರೆನ್ನಲಾದ ಮಾತುಗಳು ಅಕ್ಷರಶಃ ನಡೆದುವೇ ಎಂಬ ವಿಚಾರಣೆಗಿಂತ, ಅವು ಅಷ್ಟೊಂದು ಸುಲಭವಾಗಿ ನೆನಪಿನಲ್ಲಿ ನಿಲ್ಲುವುದೇಕೆ ಎಂಬ ಪ್ರಶ್ನೆಗೆ ಜಾನಪದ ವಿಜ್ಞಾನ ಉತ್ತರಿಸಬಲ್ಲದು.

ಮೂರನೆಯದಾಗಿ, ವೈದೃಶ್ಯ. 'ತೀವ್ರವಾಗಿ ಗಾಯಗೊಂಡ ಕೈ' ಎಂಬುದು ಅನೇಕ ಪಾಠಗಳಲ್ಲಿ 'ಹಾರಿಹೋದ ಕೈ' ಆಗುತ್ತದೆ. 'ಎಡಗೈ' ಎಂಬುದು 'ಏಕೈಕ ಕೈ' ಆಗುತ್ತದೆ. ಉಳಿದವರ ಒಂದು ಕೈಯೇ 'ಅತ್ಯುತ್ತಮ ಕೈ' ಆಗುತ್ತದೆ. ಲೂಸರ್ನ್‌ನ ತಂಡ, ಶಿಷ್ಯ ಕುನ್, ಮೆಲ್ಬರ್ನ್‌ನ ಎಂಟನೆಯ ಸ್ಥಾನ ಇವೆಲ್ಲ ಕೇಂದ್ರೀಕರಣದ ನಿಯಮದಂತೆ ಕಳಚಿ ಬೀಳುತ್ತವೆ. ಉಳಿಯುವುದು ಒಬ್ಬ ಮನುಷ್ಯ ಮತ್ತು ಅವನ ಒಂದು ಕೈ.

ರೂಪದ ಒತ್ತಡವೊಂದೇ ಇದಕ್ಕೆ ಕಾರಣವೆನ್ನಲಾಗದು. ಕಥೆಯನ್ನು ಬಳಸುವ ಸಂದರ್ಭವೂ ಅದರ ರೂಪವನ್ನು ನಿರ್ಧರಿಸುತ್ತದೆ. ವ್ಯಕ್ತಿತ್ವ ವಿಕಸನದ ವೇದಿಕೆಯಲ್ಲಿ ಕೇಳುಗನಿಗೆ ಹೇಳಬೇಕಾಗಿರುವುದು, ಅಡ್ಡಿಗಳನ್ನು ಇಚ್ಛಾಶಕ್ತಿಯಿಂದ ದಾಟಬಹುದು ಎಂಬ ಸಂದೇಶ. ಅಪಘಾತವು ಈ ಸಂದೇಶಕ್ಕೆ ಒಗ್ಗುತ್ತದೆ. ಅದಕ್ಕೆ ಯಾರೂ ಹೊಣೆಯಲ್ಲ, ಯಾರನ್ನೂ ಪ್ರಶ್ನಿಸಬೇಕಾಗಿಲ್ಲ. ನಿಯಮವು ಒಗ್ಗುವುದಿಲ್ಲ. ಸಾರ್ಜೆಂಟ್ ಟಕಾಚ್ ಎಷ್ಟೇ ಛಲವುಳ್ಳವನಾಗಿದ್ದರೂ 1936ರ ಬಾಗಿಲನ್ನು ಅಭ್ಯಾಸದಿಂದ ತೆರೆಯಲು ಸಾಧ್ಯವಿರಲಿಲ್ಲ. ಅದನ್ನು ತೆರೆದದ್ದು ನಿಯಮದ ಬದಲಾವಣೆ.

ಇಲ್ಲಿ ಏಕಲವ್ಯನ ಕಥೆಯೊಂದಿಗೆ ಹೋಲಿಕೆ ಅನಿವಾರ್ಯವಾಗಿ ಬರುತ್ತದೆ. ಹುಟ್ಟಿನ ಕಾರಣದಿಂದ ವಿದ್ಯೆಗೆ ಹೊರಗಾದವನು, ತಾನೇ ಕಲಿತವನು, ಬಲಗೈಯ ಹೆಬ್ಬೆರಳನ್ನು ಕಳೆದುಕೊಂಡವನು, ಇಷ್ಟರ ಮಟ್ಟಿಗೆ ಸಾಮ್ಯವಿದೆ. ವ್ಯತ್ಯಾಸವೂ ಅಷ್ಟೇ ಮುಖ್ಯ. ಏಕಲವ್ಯನ ಬೆರಳನ್ನು ಕೇಳಿ ಪಡೆಯಲಾಯಿತು. ಹೊರಗಿಡುವಿಕೆ ಮತ್ತು ಅಂಗನಾಶ ಅಲ್ಲಿ ಒಂದೇ ವ್ಯವಸ್ಥೆಯ ಎರಡು ಮುಖಗಳು. ಟಕಾಚ್‌ನಲ್ಲಿ ಅವು ಪರಸ್ಪರ ಸಂಬಂಧವಿಲ್ಲದ ಎರಡು ಘಟನೆಗಳು. ಆದ್ದರಿಂದಲೇ ಒಂದನ್ನು ಬಿಟ್ಟು ಮತ್ತೊಂದನ್ನು ಹೇಳುವುದು ಸುಲಭವಾಯಿತು. ಏಕಲವ್ಯನ ಕಥೆಯಲ್ಲಿ ಅದು ಸಾಧ್ಯವಿಲ್ಲ. ಬೆರಳನ್ನು ನೆನೆದೊಡನೆ ಅದನ್ನು ಕೇಳಿದವರ ನೆನಪೂ ಬರುತ್ತದೆ. ಕುವೆಂಪು ಅವರ 'ಬೆರಳ್ ಗೆ ಕೊರಳ್' ನಾಟಕದ ಹೆಸರೇ ಆ ಬೆರಳಿಗೆ ಬೆಲೆ ತೆರಬೇಕಾದವರು ಯಾರು ಎಂಬ ಪ್ರಶ್ನೆಯನ್ನು ಎತ್ತುತ್ತದೆ. ಒಂದು ಪರಂಪರೆಯು ಅನ್ಯಾಯದ ನೆನಪನ್ನು ಕಾಪಾಡಿಕೊಂಡು ಬಂದರೆ, ಮತ್ತೊಂದು ಅದನ್ನು ನಯವಾಗಿ ಕಳೆದುಕೊಂಡಿದೆ.

9. ಉಪಸಂಹಾರ

2012ರಲ್ಲಿ ಒಲಿಂಪಿಕ್ ಕೂಟವು ಮತ್ತೆ ಲಂಡನ್ನಿಗೆ ಬಂದಾಗ, ಅದೇ 25 ಮೀಟರ್ ಕ್ಷಿಪ್ರಗತಿಯ ಪಿಸ್ತೂಲು ಸ್ಪರ್ಧೆಯಲ್ಲಿ ಭಾರತದ ವಿಜಯ್ ಕುಮಾರ್ ಬೆಳ್ಳಿ ಪಡೆದರು. ಕ್ಯೂಬಾದ ಲೆಯುರಿಸ್ ಪುಪೋ ಚಿನ್ನ ಪಡೆದ ಆ ಸ್ಪರ್ಧೆಯಲ್ಲಿ ವಿಜಯ್ ಕುಮಾರ್ ಭಾರತೀಯ ಭೂಸೇನೆಯ ಸುಬೇದಾರರಾಗಿದ್ದರು. 2004ರಲ್ಲಿ ಅಥೆನ್ಸ್‌ನಲ್ಲಿ ಡಬಲ್ ಟ್ರ್ಯಾಪ್ ವಿಭಾಗದ ಬೆಳ್ಳಿ ಪಡೆದ ರಾಜ್ಯವರ್ಧನ ಸಿಂಗ್ ರಾಥೋಡ್ ಆಗ ಮೇಜರ್ ಹುದ್ದೆಯ ಅಧಿಕಾರಿಯಾಗಿದ್ದರು. ಇಬ್ಬರ ಶ್ರೇಣಿಗಳ ವ್ಯತ್ಯಾಸವನ್ನು ಇಂದು ಯಾರೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ನಿಯುಕ್ತ ಅಧಿಕಾರಿಗಳಿಗೆ ಮಾತ್ರ ಅವಕಾಶವೆಂಬ 1936ರ ನಿಯಮ ಅನ್ವಯವಾಗಿದ್ದರೆ ಸುಬೇದಾರರಿಗೆ ಲಂಡನ್ನಿನ ಬಾಗಿಲು ತೆರೆಯುತ್ತಿರಲಿಲ್ಲ.

ಪ್ಯಾರಾಲಿಂಪಿಕ್ ಕೂಟದಲ್ಲಿ ಗುರಿಸ್ಪರ್ಧೆಯು ಮೊದಲ ಬಾರಿಗೆ ಸೇರ್ಪಡೆಯಾದದ್ದು 1976ರಲ್ಲಿ, ಟಕಾಚ್ ನಿಧನ ಹೊಂದಿದ ವರ್ಷದಲ್ಲಿ. 2021ರಲ್ಲಿ ನಡೆದ ಟೋಕಿಯೋ ಪ್ಯಾರಾಲಿಂಪಿಕ್‌ನ 50 ಮೀಟರ್ ಪಿಸ್ತೂಲು ವಿಭಾಗದಲ್ಲಿ ಭಾರತದ ಮನೀಶ್ ನರ್ವಾಲ್ ಚಿನ್ನವನ್ನೂ ಸಿಂಗ್‌ರಾಜ್ ಅಧಾನ ಬೆಳ್ಳಿಯನ್ನೂ ಪಡೆದರು. ನರ್ವಾಲ್ ಅವರ ಬಲಗೈಗೆ ಹುಟ್ಟಿನಿಂದಲೇ ಊನವಿದೆ. ಅವರು ಗುರಿಯಿಡುವುದು ಎಡಗೈಯಿಂದ. ಈ ಗೆಲುವಿನಲ್ಲಿ ಸ್ಪರ್ಧಿಯ ಪರಿಶ್ರಮವಿರುವಂತೆಯೇ, ಆ ಪರಿಶ್ರಮಕ್ಕೆ ಅಂಗಳವನ್ನು ಒದಗಿಸಿದ ನಿಯಮಗಳ ಪಾತ್ರವೂ ಇದೆ.

ಟಕಾಚ್‌ನ ಕಥೆಯನ್ನು ಹೇಳುವುದು ತಪ್ಪಲ್ಲ. ಅದನ್ನು ಕೇಳಿ ಧೈರ್ಯ ಪಡೆದವರ ಅನುಭವವನ್ನು ಅಲ್ಲಗಳೆಯುವುದೂ ಸಲ್ಲದು. ಆದರೆ ಪೂರ್ಣ ಚರಿತ್ರೆಯು ಐತಿಹ್ಯಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ. ಗಾಯಗೊಂಡ ಕೈಯ ಬದಲಿಗೆ ಇನ್ನೊಂದು ಕೈಯನ್ನು ಪಳಗಿಸಲು ಟಕಾಚ್‌ಗೆ ಒಂದು ವರ್ಷ ಸಾಕಾಯಿತು. ಸಾರ್ಜೆಂಟ್ ಎಂಬ ಕಾರಣದಿಂದ ಕೈತಪ್ಪಿದ ಒಲಿಂಪಿಕ್ ಅಂಗಳವನ್ನು ಪ್ರವೇಶಿಸಲು ಹನ್ನೆರಡು ವರ್ಷಗಳು ಬೇಕಾದವು. ಆತನ ಜೀವನವನ್ನು ಪುನಃ ನಿರೂಪಿಸುವವರು ಈ ಎರಡು ಅವಧಿಗಳನ್ನೂ ಒಟ್ಟಿಗೆ ಹೇಳಿದರೆ, ಕಥೆಯ ಸ್ಫೂರ್ತಿ ಕುಂದದೆ ಅದರ ನ್ಯಾಯವೂ ಉಳಿಯುತ್ತದೆ.